ಕೆಂಪು ಗೀಟು ಹಾಕಿದರೆ ಸಾಕೇ?



ನಾನು ಪಿಯುಸಿ ಓದಿ ಮುದ್ರಣಾಲಯ ನಡೆಸುತ್ತಿರುವವನು. ಮೇಷ್ಟ್ರುಗಳಿಗೆ ಪಾಠ ಹೇಳುವ ದೊಡ್ಡಸ್ತಿಕೆ ನನಗೆ ಬೇಡ. ಆದರೆ ಕರಡು ತಿದ್ದುವುದು ನನ್ನ ಕಸುಬು. ಒಂದೇ ತಪ್ಪು ಹತ್ತು ಪುಟಗಳಲ್ಲಿ ಬಂದರೆ, ಹತ್ತು ಕಡೆ ಗೀಟು ಹಾಕಿ ನಾವು ಸುಮ್ಮನಾಗುವುದಿಲ್ಲ. ಅದು ಎಲ್ಲಿಂದ ಹುಟ್ಟುತ್ತಿದೆ ಎಂದು ಹುಡುಕುತ್ತೇವೆ. ನಮ್ಮ ಮಕ್ಕಳ ತಪ್ಪನ್ನು ಹೀಗೆ ಹುಡುಕುತ್ತಿದ್ದೇವೆಯೇ? ನೀವೇ ಹೇಳಿ.

ಒಂದು ಲೆಕ್ಕ ನೋಡಿ. 52ರಲ್ಲಿ 27 ಕಳೆದರೆ 25. ಇಬ್ಬರು ಮಕ್ಕಳು 35 ಎಂದು ಬರೆದರು ಎನ್ನಿ. ಇಬ್ಬರಿಗೂ ಸೊನ್ನೆ! ಈಗ ಅವರಿಗೇ 43ರಲ್ಲಿ 16 ಕಳೆಯಲು ಕೊಡಿ. ಹುಡುಗ 33 ಎಂದು ಬರೆದ, ಹುಡುಗಿ 37 ಎಂದು ಬರೆದಳು. ಈಗ ಗುಟ್ಟು ಬಯಲಾಯಿತು. ಹುಡುಗ ಮೇಲೆ ಕೆಳಗೆ ನೋಡುವುದಿಲ್ಲ, ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದುಬಿಡುತ್ತಾನೆ. ಹುಡುಗಿಗೆ ಹತ್ತನ್ನು ಸಾಲ ತರುವುದು ಗೊತ್ತು, ಕೊಟ್ಟ ಮನೆಯಲ್ಲಿ ಒಂದನ್ನು ಇಳಿಸುವುದು ಗೊತ್ತಿಲ್ಲ. ರೋಗ ಎರಡು, ಮದ್ದೂ ಎರಡು. ಇಬ್ಬರನ್ನೂ 'ದಡ್ಡರು' ಎಂದು ಹಿಂದಿನ ಬೆಂಚಿಗೆ ಕಳಿಸಿದರೆ ಅದು ಯಾವ ನ್ಯಾಯ?

ಈ ರೋಗಪತ್ತೆಗೆ ಕಂಪ್ಯೂಟರನ್ನು ದುಡಿಸಿಕೊಂಡವರು ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್. 1978ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ 'ಬಗ್ಗಿ' ಎಂಬ ಕಾರ್ಯಕ್ರಮದ ವಿವರವಿದೆ. ಅದರಲ್ಲಿ ಕಂಪ್ಯೂಟರೇ ವಿದ್ಯಾರ್ಥಿ! ಒಂದು ತಪ್ಪು ಪದ್ಧತಿಯನ್ನು ಒಳಗೆ ಬಚ್ಚಿಟ್ಟುಕೊಂಡು ಲೆಕ್ಕ ಮಾಡುತ್ತದೆ. ಶಿಕ್ಷಕರಾಗಲು ಕಲಿಯುವವರು ಲೆಕ್ಕ ಕೊಡುತ್ತಾ, ಉತ್ತರ ನೋಡುತ್ತಾ ಆ ತಪ್ಪನ್ನು ಪತ್ತೆಹಚ್ಚಬೇಕು. 'ತಿಳಿಯಿತು' ಎಂದರೆ ಸಾಲದು. ಹೊಸ ಲೆಕ್ಕಕ್ಕೆ ಆ ವಿದ್ಯಾರ್ಥಿ ಯಾವ ತಪ್ಪು ಉತ್ತರ ಬರೆಯುತ್ತಾನೆ ಎಂದು ತಾವೇ ಬರೆದು ತೋರಿಸಬೇಕು. ನಿಕರಾಗುವಾ ದೇಶದ 1,300ಕ್ಕೂ ಹೆಚ್ಚು ಮಕ್ಕಳ ಉತ್ತರಗಳನ್ನೂ ಅವರು ಪರಿಶೀಲಿಸಿದರು. ಹಲವು ಮಕ್ಕಳ ತಪ್ಪು ಮನಬಂದಂತೆ ಆದದ್ದಲ್ಲ, ಅದಕ್ಕೂ ಒಂದು ಕ್ರಮವಿತ್ತು.

ಹಾಗೆಂದು ಯಂತ್ರವನ್ನು ದೇವರು ಮಾಡಬೇಡಿ. ಮಗು ಹಸಿದಿದೆಯೋ, ಹೆದರಿದೆಯೋ ಅದಕ್ಕೆ ತಿಳಿಯದು. ಅದನ್ನು ಬಲ್ಲವರು ಮೇಷ್ಟ್ರು ಮಾತ್ರ.

ಇನ್ನು ಕನ್ನಡದ ಮಾತು. ನಮ್ಮ ಹಳೆಯ ಅಕ್ಷರಶೈಲಿಗಳಲ್ಲಿ ಪರದೆಯ ಮೇಲೆ ಕಾಣುವುದು ಕನ್ನಡ, ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಕಾಗದದ ಮೇಲೆ ಅಚ್ಚು ಹಾಕಲು ಅದು ಸಾಕು, ಮಗುವಿನ ಉತ್ತರವನ್ನು ಯಂತ್ರ ಓದಲು ಸಾಲದು. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿದೆ. ಆದ್ದರಿಂದ ಶಾಲೆಗೆ ಯಾವ ತಂತ್ರಾಂಶ ಬಂದರೂ ಮೂರು ಪ್ರಶ್ನೆ ಕೇಳಿ. ಪ್ರಶ್ನೆ ಕನ್ನಡದಲ್ಲಿದೆಯೇ? ಮಗು ಕನ್ನಡದಲ್ಲಿ ಬರೆದರೆ ಅದು ಓದುತ್ತದೆಯೇ? ಬರೀ ಅಂಕ ಹೇಳುತ್ತದೆಯೋ, ತಪ್ಪಿನ ಕಾರಣವನ್ನೂ ಹೇಳುತ್ತದೆಯೋ? ಮೂರನೆಯದಕ್ಕೆ ಉತ್ತರವಿಲ್ಲದಿದ್ದರೆ ಅದು ಬೆಲೆ ಹೆಚ್ಚಿಸಿಕೊಂಡ ಕೆಂಪು ಪೆನ್ನು, ಅಷ್ಟೇ!

ಕಂಪ್ಯೂಟರ್ ಬರುವವರೆಗೂ ಕಾಯಬೇಕಿಲ್ಲ. ಇಬ್ಬರು ಶಿಕ್ಷಕರು, ಒಂದು ಸ್ಲೇಟು ಸಾಕು. ಒಬ್ಬರು ತಪ್ಪನ್ನು ಬಚ್ಚಿಡಲಿ, ಇನ್ನೊಬ್ಬರು ಹುಡುಕಲಿ. ಪೋಷಕರೇ, ಇಂದು ರಾತ್ರಿ ನಿಮ್ಮ ಮಗುವಿನ ಲೆಕ್ಕದ ಪುಸ್ತಕ ತೆರೆಯಿರಿ. ಎಷ್ಟು ತಪ್ಪಾಗಿದೆ ಎಂದು ಎಣಿಸಬೇಡಿ, 'ಇದನ್ನು ಹೇಗೆ ಮಾಡಿದೆ, ಕಂದಾ?' ಎಂದು ಕೇಳಿ.