ಎರಡು ಕಠಾರಿ, ಒಂದು ಟೋಪಿ

ಇವತ್ತು ಒಂದೇ ಒಂದು ಬೆಳ್ಳಿ ನಾಣ್ಯದ ಬಗ್ಗೆ ಮಾತಾಡೋಣ. ತೂಕ ನಾಲ್ಕು ಗ್ರಾಮಿಗಿಂತ ಸ್ವಲ್ಪ ಕಮ್ಮಿ. ಹೆಸರು ದಿನಾರಿಯಸ್. ಕ್ರಿ.ಪೂ. 42ರ ಸುಮಾರಿಗೆ ಇದನ್ನು ಟಂಕಿಸಿದ್ದು ಬ್ರೂಟಸ್. ಹೌದು, ಜೂಲಿಯಸ್ ಸೀಸರ್‌ನನ್ನು ಇರಿದವರಲ್ಲಿ ಒಬ್ಬನಾದ ಅದೇ ಬ್ರೂಟಸ್.

ಮೊದಲು ಹಿಂಬದಿ ನೋಡಿ. ಎರಡು ಕಠಾರಿ, ಮಧ್ಯೆ ಒಂದು ಟೋಪಿ, ಕೆಳಗೆ ‘ಐಡ್ ಮಾರ್’ ಅನ್ನೋ ಬರಹ. ಅಂದ್ರೆ ಮಾರ್ಚ್ 15, ಸೀಸರ್ ಸತ್ತ ದಿನ. ಕೊಲೆಯ ತಾರೀಖನ್ನೇ ದುಡ್ಡಿನ ಮೇಲೆ ಅಚ್ಚು ಹಾಕಿದ್ದಾರೆ! ಆ ಟೋಪಿಯ ಹೆಸರು ಪಿಲಿಯಸ್. ರೋಮ್‌ನಲ್ಲಿ ಬಿಡುಗಡೆಯಾದ ಗುಲಾಮರು ಅದನ್ನು ಹಾಕಿಕೊಳ್ಳುತ್ತಿದ್ದರು. ‘ನೀವೆಲ್ಲ ಸೀಸರ್‌ನ ಗುಲಾಮರಾಗಿದ್ರಿ, ನಾವು ಬಿಡಿಸಿದ್ವಿ’ ಅನ್ನೋದು ಚಿತ್ರದ ಮಾತು.

ಇದು ಯಾರ ಕೈಗೆ ಹೋಯ್ತು? ಬ್ರೂಟಸ್‌ನ ಸೈನಿಕರ ಕೈಗೆ, ಸಂಬಳವಾಗಿ. ಬಿಕಾಂ ಪುಸ್ತಕದಲ್ಲಿ ಹಣ ಅಂದ್ರೆ ವಿನಿಮಯ ಸಾಧನ, ಮೌಲ್ಯದ ಅಳತೆಗೋಲು ಅಂತ ನಾವು ಉರು ಹೊಡೆದಿದ್ವಿ. ಇಲ್ಲಿ ಸಂಬಳವೇ ಕರಪತ್ರ. ಅಕ್ಷರ ಬಾರದವನಿಗೂ ಕಠಾರಿ, ಟೋಪಿ ಅರ್ಥ ಆಗುತ್ತಲ್ವಾ?

ಈಗ ನಾಣ್ಯ ತಿರುಗಿಸಿ. ಮುಂಬದಿಯಲ್ಲಿ ಬ್ರೂಟಸ್‌ನದೇ ಮುಖ!

ಇದು ಯಾಕೆ ದೊಡ್ಡ ವಿಷಯ ಅಂದ್ರೆ, ರೋಮ್‌ನ ನಾಣ್ಯದಲ್ಲಿ ಅಲ್ಲಿತನಕ ದೇವತೆಗಳು, ತೀರಿಹೋದ ಪೂರ್ವಜರು ಇರುತ್ತಿದ್ದರು. ಬದುಕಿರುವವನ ಮುಖ ಅಂದ್ರೆ ರಾಜರ ಚಾಳಿ. ಕ್ರಿ.ಪೂ. 44ರ ಆರಂಭದಲ್ಲಿ ಆ ಪದ್ಧತಿ ಮುರಿದದ್ದು ಸೀಸರ್. ಇನ್ನೂ ಮಜಾ ಏನಂದ್ರೆ, ಕ್ರಿ.ಪೂ. 54ರ ಸುಮಾರಿಗೆ ಟಂಕಸಾಲೆಯ ಅಧಿಕಾರಿಯಾಗಿದ್ದಾಗ ಇದೇ ಬ್ರೂಟಸ್ ಒಂದು ಬದಿಗೆ ಸ್ವಾತಂತ್ರ್ಯ ದೇವತೆಯನ್ನೂ ಇನ್ನೊಂದು ಬದಿಗೆ ರಾಜರನ್ನು ಓಡಿಸಿದ ತನ್ನ ಪೂರ್ವಜನನ್ನೂ ಹಾಕಿಸಿದ್ದ. ಹನ್ನೆರಡು ವರ್ಷದಲ್ಲಿ ದೇವತೆ ಜಾಗಕ್ಕೆ ತಾನೇ ಬಂದು ಕೂತ.

ಸಂಬಳ ಕೊಡೋರು ಯಾರು ಅಂತ ಸೈನ್ಯಕ್ಕೆ ಗೊತ್ತಾಗಬೇಡವೇ ಅಂತ ಅವನ ಪರ ವಾದಿಸಬಹುದು. ನನಗಂತೂ, ಗಣರಾಜ್ಯ ಆಗಲೇ ಮುಗಿದಿತ್ತು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಡ. ಅದೇ ವರ್ಷ ಫಿಲಿಪ್ಪಿಯಲ್ಲಿ ಸೋತು ಬ್ರೂಟಸ್ ಪ್ರಾಣ ಕಳೆದುಕೊಂಡ.

ಆಮೇಲೆ ಚಕ್ರವರ್ತಿಯ ಮುಖ ಮಾಮೂಲಿಯಾಯ್ತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ಸಿಕ್ಕ ದಿನಾರಿಯಸ್‌ಗಳಲ್ಲೂ ಅಗಸ್ಟಸ್, ಟೈಬೀರಿಯಸ್‌ರ ಮುಖಗಳಿವೆ. ವ್ಯಾಪಾರದ ಹಾದಿಯಲ್ಲಿ ಇಲ್ಲಿಗೆ ಬಂದ ಬೆಳ್ಳಿ ಅದು. ನೀರೋ ಆ ಬೆಳ್ಳಿಯನ್ನೇ ಕಮ್ಮಿ ಮಾಡಿದ ಕಥೆ ಮುಂದಿನ ಸಂಚಿಕೆಗೆ.