ಇಲ್ಲದ ಲೇಖನವನ್ನು ತರಿಸುವ ಬಗೆ

(ಮೋಟೆಬೆನ್ನೂರಿನಲ್ಲಿ ಪದವಿ ವಿದ್ಯಾರ್ಥಿಗಳೆದುರು ನಮ್ಮ ವರದಿಗಾರರು ಆಡಿದ ಮಾತಿನ ಲಿಖಿತ ರೂಪ)



ಮೈಲಾರ ಮಹಾದೇವಪ್ಪನವರು ನಿಮ್ಮೂರಿನವರು. 1930ರಲ್ಲಿ ಗಾಂಧೀಜಿಯವರೊಡನೆ ದಂಡಿಗೆ ನಡೆದವರು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದವರು. ಪತ್ರಿಕೋದ್ಯಮ ಡಿಪ್ಲೊಮಾ ಓದುವಾಗ ನಾನು ಅವರ ಮೇಲೊಂದು ಪ್ರಬಂಧ ಬರೆಯಲು ಹೊರಟಿದ್ದೆ. ಯಾವುದೋ ಪುಸ್ತಕದ ಅಡಿಟಿಪ್ಪಣಿಯಲ್ಲಿ ಒಂದು ಲೇಖನದ ಉಲ್ಲೇಖ ಕಂಡಿತು. ಅದು ಅಚ್ಚಾಗಿದ್ದ ಜರ್ನಲ್ ನಮ್ಮಲ್ಲಿ ಇರಲಿಲ್ಲ. ಗ್ರಂಥಪಾಲಕರು ಒಂದು ಫಾರಂ ಕೊಟ್ಟು, 'ಬೇರೆ ಕಡೆಯಿಂದ ತರಿಸೋಣ, ತುಂಬಿ ಕೊಡಪ್ಪ' ಅಂದರು. 'ಮೈಲಾರ ಮಹಾದೇವಪ್ಪನವರ ಬಗ್ಗೆ ಲೇಖನ' ಎಂದಷ್ಟೇ ಗೀಚಿ ಕೊಟ್ಟೆ. ಮೂರು ವಾರದ ಮೇಲೆ 'ವಿವರ ಸಾಲದು' ಎಂಬ ಷರಾ ಹೊತ್ತು ಫಾರಂ ಮರಳಿತು.

ಆ ಸೇವೆಯ ಹೆಸರು ಅಂತರ ಗ್ರಂಥಾಲಯ ಎರವಲು. ಎರವಲು ಎಂದರೂ ಜರ್ನಲ್ ಲೇಖನವನ್ನು ಹಿಂದಿರುಗಿಸಬೇಕಿಲ್ಲ. ಪುಸ್ತಕವಾದರೆ ಬಂದು ಹೋಗುತ್ತದೆ; ಲೇಖನದ ಜೆರಾಕ್ಸ್ ಪ್ರತಿ ಮಾತ್ರ ಬರುತ್ತದೆ, ಈಗೀಗ ಸ್ಕ್ಯಾನ್ ಮಾಡಿದ ಪುಟಗಳು. ಸ್ವಂತ ಅಧ್ಯಯನಕ್ಕೆ ಇಂಥ ನ್ಯಾಯಯುತ ಬಳಕೆಯನ್ನು 1957ರ ಕೃತಿಸ್ವಾಮ್ಯ ಕಾಯ್ದೆ ಒಪ್ಪುತ್ತದೆ.

ಇದು ಹೊಸದೇನಲ್ಲ. ಯುನೆಸ್ಕೊ ನೆರವಿನಿಂದ 1952ರಲ್ಲಿ ದೆಹಲಿಯಲ್ಲಿ ಆರಂಭವಾದ ಇನ್ಸ್‌ಡಾಕ್ ಕೇಂದ್ರ ವಿಜ್ಞಾನ ಲೇಖನಗಳ ಪ್ರತಿ ತೆಗೆದು ಕೇಳಿದವರಿಗೆ ಕಳಿಸುತ್ತಿತ್ತು. 1988ರಲ್ಲಿ ಡೆಲ್‌ನೆಟ್, 1991ರಲ್ಲಿ ಯುಜಿಸಿಯ ಇನ್‌ಫ್ಲಿಬ್‌ನೆಟ್ ಬಂದವು. ಯಾವ ಜರ್ನಲ್ ಯಾವ ಗ್ರಂಥಾಲಯದಲ್ಲಿದೆ ಎಂಬುದನ್ನು ಒಂದೇ ಪಟ್ಟಿಯಲ್ಲಿ ಹುಡುಕುವುದು ಆಗ ಸಾಧ್ಯವಾಯಿತು.

'ಈಗೆಲ್ಲ ಮೊಬೈಲಿನಲ್ಲೇ ಸಿಗುತ್ತದಲ್ಲ' ಎನ್ನುತ್ತೀರಿ. ಅರ್ಧ ನಿಜ. 2025ರ ಜನವರಿ 1ರಿಂದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆಯಡಿ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ತೆರೆದುಕೊಂಡವು. ಆದರೆ ಮೊದಲ ಹಂತದಲ್ಲಿ ಸರಕಾರಿ ಸಂಸ್ಥೆಗಳಿಗೆ ಮಾತ್ರ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣದ ಮೇಲೆ ಒಬ್ಬ ಹುಡುಗಿ ಸರಕಾರಿ ಕಾಲೇಜಿನಲ್ಲಿ ಓದಿದರೆ ಲೇಖನ ಸಿಕ್ಕೀತು. ಅವಳ ಓರಗೆಯವಳು ಖಾಸಗಿ ಕಾಲೇಜಿನಲ್ಲಿದ್ದರೆ ಬಾಗಿಲು ಮುಚ್ಚಿದೆ. ಇದು ನ್ಯಾಯವೆಂದು ನನಗೆ ಅನ್ನಿಸಿಲ್ಲ. ಇನ್ನು ಹಳೆಯ ಕನ್ನಡ ಪತ್ರಿಕೆಗಳ ಮಾತು. 1919ರಲ್ಲಿ ಶುರುವಾದ 'ಪ್ರಬುದ್ಧ ಕರ್ನಾಟಕ'ದಂಥವು ಹಳೆಯ ಗ್ರಂಥಾಲಯಗಳ ಕಪಾಟಿನಲ್ಲಿವೆ. 2023ರಲ್ಲಿ ಆರಂಭವಾದ ಹಾವೇರಿ ವಿಶ್ವವಿದ್ಯಾಲಯದಂಥ ಹೊಸ ಸಂಸ್ಥೆ ಅಂಥ ಸಂಗ್ರಹವನ್ನು ರಾತ್ರೋರಾತ್ರಿ ಕಟ್ಟಲಾಗದು. ಧಾರವಾಡವನ್ನೋ ಮೈಸೂರನ್ನೋ ಕೇಳಲೇಬೇಕು.

ಕೇಳುವ ಮುನ್ನ ಪುಕ್ಕಟೆ ಸಿಗುತ್ತದೆಯೇ ನೋಡಿ. 1872ರಲ್ಲಿ ಮುಂಬಯಿಯಲ್ಲಿ ಆರಂಭವಾದ 'ಇಂಡಿಯನ್ ಆ್ಯಂಟಿಕ್ವರಿ'ಯಲ್ಲಿ ಫ್ಲೀಟ್ ಸಾಹೇಬರು ನಮ್ಮ ಸೀಮೆಯ ಶಾಸನಗಳನ್ನು ಪ್ರಕಟಿಸಿದ್ದರು. ಅದರ ಹಳೆಯ ಸಂಪುಟಗಳನ್ನು ಇಂಟರ್‌ನೆಟ್‌ನಲ್ಲಿ ಯಾರೂ ಓದಬಹುದು. ಸಿಗದಿದ್ದರೆ ನಿಮ್ಮ ಕಾಲೇಜಿನ ಗ್ರಂಥಪಾಲಕರ ಮೂಲಕವೇ ಹೋಗಿ. ಗ್ರಂಥಾಲಯ ಗ್ರಂಥಾಲಯವನ್ನು ಕೇಳುತ್ತದೆ, ವಿದ್ಯಾರ್ಥಿಯನ್ನಲ್ಲ. ಪುಟಕ್ಕಿಷ್ಟು ಎಂದು ಪ್ರತಿಯ ಖರ್ಚು ಬರಬಹುದು, ಮೊದಲೇ ವಿಚಾರಿಸಿ.

ಫಾರಂನಲ್ಲಿ ಲೇಖಕರ ಹೆಸರು, ಲೇಖನದ ಶೀರ್ಷಿಕೆ, ಜರ್ನಲ್ ಹೆಸರು, ಸಂಪುಟ, ಸಂಚಿಕೆ, ವರ್ಷ, ಪುಟ ಬೇಕು. ಜರ್ನಲ್ ಹೆಸರನ್ನು ಮೊಟಕುಗೊಳಿಸಬೇಡಿ. ಒಂದೇ ಮೊಟಕು ಹೆಸರಿನ ಹಲವು ಜರ್ನಲ್‌ಗಳಿರುತ್ತವೆ. ವರ್ಷವಿದ್ದು ಸಂಪುಟವಿಲ್ಲದಿದ್ದರೆ ಹೇಗೋ ನಡೆದೀತು. ಎರಡೂ ಇಲ್ಲದಿದ್ದರೆ ಅಲ್ಲಿ ಕುಳಿತವರು ಎಷ್ಟು ಕಪಾಟು ಹುಡುಕಬೇಕು?

ಕೊನೆಗೆ ಎಲ್ಲರೂ ಬಿಡುವ ಒಂದು ಕಾಲಂ ಇರುತ್ತದೆ: 'ಈ ಉಲ್ಲೇಖವನ್ನು ಎಲ್ಲಿ ನೋಡಿದಿರಿ?' ಉಳಿದ ವಿವರ ತಪ್ಪಿದ್ದರೂ ಇದೊಂದಿದ್ದರೆ ಗ್ರಂಥಪಾಲಕರು ಮೂಲ ತೆಗೆದು ಸರಿಪಡಿಸಿಕೊಳ್ಳುತ್ತಾರೆ. ನನ್ನ ಫಾರಂ ಮರಳಿ ಬಂದಾಗ ಅವರು ಕೇಳಿದ್ದೂ ಅದನ್ನೇ. ನಾನು ಬರೆದಿಟ್ಟುಕೊಂಡಿರಲಿಲ್ಲ. ಪ್ರಬಂಧ ಆ ಲೇಖನವಿಲ್ಲದೆಯೇ ಹೋಯಿತು. ಪುಸ್ತಕದ ಹೆಸರು ಇಂದಿಗೂ ನೆನಪಾಗಿಲ್ಲ.