ಯೆಜ್ಡಿಯ ಮೇಲೆ ಘಟ್ಟ ಇಳಿದದ್ದು



ನಾನು ಭೌತಶಾಸ್ತ್ರದ ಅಧ್ಯಾಪಕ. ಎರಡು ಸ್ಟ್ರೋಕಿನ ಎಂಜಿನ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಕಪ್ಪು ಹಲಗೆಯ ಮೇಲೆ ಅದೆಷ್ಟು ಸಲ ಬರೆದು ತೋರಿಸಿದ್ದೇನೋ ಲೆಕ್ಕವಿಲ್ಲ. ಆದರೆ ಆ ಎಂಜಿನ್ ನನಗೆ ನಿಜವಾಗಿ ಅರ್ಥವಾದದ್ದು ತರಗತಿಯಲ್ಲಲ್ಲ, ಮೈಸೂರಿನಿಂದ ಸುಳ್ಯಕ್ಕೆ ಹೋಗುವ ರಸ್ತೆಯಲ್ಲಿ. ಈ ದಿನ ಆ ಪ್ರಯಾಣದ ಕತೆಯನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ನಮ್ಮ ತಂದೆಯವರ ಬಳಿ 1979ರ ಒಂದು ಯೆಜ್ಡಿ ಮೋಟಾರ್ ಸೈಕಲ್ ಇತ್ತು. ಅವರು ತೀರಿಕೊಂಡ ಮೇಲೆ ಅದು ಹಿತ್ತಲಿನ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಆರು ವರ್ಷ ನಿಂತಿತ್ತು. ಜಾಗ ತೆರವಾಗಲೆಂದು ನಾನು ಒಂದು ದಿನ ಗುಜರಿಯವನನ್ನು ಕರೆಸಿದೆ. ನಮ್ಮ ತಾಯಿ ಬೇಡವೆನ್ನಲಿಲ್ಲ. “ಕೊಡೋದಾದ್ರೆ ಕೊಡಪ್ಪ. ಆದ್ರೆ ಒಂದ್ಸಲ ಓಡಿಸಿ ನೋಡಿ ಆಮೇಲೆ ಕೊಡು” ಎಂದಷ್ಟೇ ಹೇಳಿದರು. ಆ ಮಾತಿಗೆ ಕಟ್ಟುಬಿದ್ದು ಗಾಡಿಯನ್ನು ರಿಪೇರಿ ಮಾಡಿಸಿದೆ. ಹದಿನೈದು ವರ್ಷ ದಾಟಿದ ಖಾಸಗಿ ವಾಹನದ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು; ಅದನ್ನೂ ಮಾಡಿಸಿದೆ. ಆಮೇಲೆ ಕಾಲೇಜಿನಲ್ಲಿ ಓದುವ ಮಗನನ್ನು ಹಿಂದೆ ಕೂರಿಸಿಕೊಂಡು, ಇಬ್ಬರೂ ಹೆಲ್ಮೆಟ್ ಧರಿಸಿ, ಒಂದು ಮುಂಜಾನೆ ಹೊರಟೆವು.

ಈ ಗಾಡಿಗೂ ನಮ್ಮ ನಾಡಿಗೂ ಇರುವ ನಂಟನ್ನು ಎರಡು ಮಾತಿನಲ್ಲಿ ಹೇಳಬೇಕು. ‘ಜಾವಾ’ ಹುಟ್ಟಿದ್ದು 1929ರಲ್ಲಿ, ಅಂದಿನ ಚೆಕೊಸ್ಲೊವಾಕಿಯಾದ ಪ್ರಾಗ್ ನಗರದಲ್ಲಿ. ಸ್ಥಾಪಕ ಯಾನೆಚೆಕ್ ಅವರ ಹೆಸರಿನ ಮೊದಲ ಅಕ್ಷರಗಳೂ ‘ವಾಂಡರರ್’ ಎಂಬ ಜರ್ಮನ್ ಗಾಡಿಯ ಹೆಸರಿನ ಮೊದಲ ಅಕ್ಷರಗಳೂ ಸೇರಿ ಆ ಹೆಸರಾಯಿತು. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಅದರ ತಯಾರಿಕೆ ಆರಂಭವಾಯಿತು. 1973ರಿಂದ ಅದೇ ಕಾರ್ಖಾನೆಯ ಗಾಡಿಗಳು ‘ಯೆಜ್ಡಿ’ ಎಂಬ ಹೆಸರಿನಲ್ಲಿ ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ, ಹೊಸ ಒಡೆತನದಲ್ಲಿ ಹೊಸ ಎಂಜಿನ್ನಿನೊಡನೆ ಮತ್ತೆ ಮಾರುಕಟ್ಟೆಗೆ ಬಂದಿವೆ. ಆದರೆ ಮೈಸೂರಿನ ಹಳಬರು ಇಂದಿಗೂ ಬೀದಿಯ ತಿರುವಿನಲ್ಲಿ ಶಬ್ದ ಕೇಳಿದರೆ ಸಾಕು, ಕಾಣುವ ಮೊದಲೇ ಹಳೆಯ ಗಾಡಿಯನ್ನು ಗುರುತಿಸುತ್ತಾರೆ.

ಇದರ ವಿಚಿತ್ರಗಳು ಒಂದೆರಡಲ್ಲ. ಕಿಕ್ ಹೊಡೆಯುವ ಸನ್ನೆ ಮತ್ತು ಗೇರಿನ ಸನ್ನೆ ಎರಡೂ ಒಂದೇ, ಅದೂ ಎಡಗಡೆಗೆ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಕೆಳಗಿಳಿಸಿದರೆ ಗೇರು. ಕ್ಲಚ್ ಹಿಡಿಯದೆಯೇ ಗೇರು ಬದಲಿಸಬಹುದು, ಏಕೆಂದರೆ ಸನ್ನೆ ಅಲುಗಿದಾಗ ಒಳಗಿನ ಯಂತ್ರಭಾಗವೇ ಕ್ಲಚ್ಚನ್ನು ಬಿಡಿಸುತ್ತದೆ. ಚೈನಿಗೆ ಪೂರ್ತಿ ಕವಚವಿರುವುದರಿಂದ ಕೆಸರು, ದೂಳು ತಾಗುವುದಿಲ್ಲ. ಚಳಿಯ ಬೆಳಗಿನಲ್ಲಿ ಕಾರ್ಬ್ಯುರೇಟರಿನ ಮೇಲಿನ ಪುಟ್ಟ ಗುಂಡಿಯನ್ನು ಬೆರಳಿನಿಂದ ಒತ್ತಿ ಪೆಟ್ರೋಲ್ ಉಕ್ಕಿಸಿದ ಮೇಲೆಯೇ ಕಿಕ್ ಹೊಡೆಯಬೇಕು. ಮಗನಿಗೆ ಇದೆಲ್ಲ ಒಂದು ಪೂಜೆಯ ವಿಧಿಯಂತೆ ಕಂಡಿತು. “ಅಪ್ಪ, ಮಂತ್ರ ಯಾವುದು?” ಎಂದು ಕೇಳಿದ.

ಮೊದಲ ಪಾಠ ಹುಣಸೂರಿನ ಹತ್ತಿರ ಕಾದಿತ್ತು. ಈ ಎಂಜಿನ್ನಿಗೆ ಬೇರೆ ಎಣ್ಣೆಯ ತೊಟ್ಟಿಯಿಲ್ಲ. ಎಣ್ಣೆಯನ್ನು ಪೆಟ್ರೋಲಿನೊಡನೆಯೇ ಬೆರೆಸಬೇಕು. ಲೀಟರಿಗೆ ಸುಮಾರು 40 ಮಿಲಿಲೀಟರ್ ವಾಡಿಕೆ. ಹಳೆಯ ಎಂಜಿನ್, ದೂರದ ದಾರಿ ಎಂದು ನಾನು ಧಾರಾಳವಾಗಿ ಸುರಿದಿದ್ದೆ. ಗಾಡಿ ಮುಕ್ಕರಿಸಿ, ಕೆಮ್ಮಿ, ನಿಂತೇ ಹೋಯಿತು. ರಸ್ತೆಬದಿಯ ಗ್ಯಾರೇಜಿನ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಸ್ಪಾರ್ಕ್ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದರು. ಅದು ಕಪ್ಪಗೆ, ಒದ್ದೆಯಾಗಿತ್ತು. “ಸಾರ್, ಎಣ್ಣೆ ಜಾಸ್ತಿ ಹಾಕ್ಬಿಟ್ಟಿದ್ದೀರ. ಗಾಡಿ ಕೆಟ್ಟಿಲ್ಲ, ಮುನಿಸ್ಕೊಂಡಿದೆ ಅಷ್ಟೆ” ಎಂದರು.

ಆಮೇಲೆ ಅವರು ಮಗನನ್ನು ಹತ್ತಿರ ಕರೆದು ಪ್ಲಗ್ಗಿನ ಬಣ್ಣ ಓದುವುದನ್ನು ಕಲಿಸಿದರು. ಕಾಫಿಪುಡಿಯ ಬಣ್ಣವಿದ್ದರೆ ಎಂಜಿನ್ ಆರೋಗ್ಯವಾಗಿದೆ. ಕಪ್ಪು ಮಸಿಯಿದ್ದರೆ ಪೆಟ್ರೋಲೋ ಎಣ್ಣೆಯೋ ಹೆಚ್ಚಾಗಿದೆ. ಬೆಳ್ಳಗಿದ್ದರೆ ಪೆಟ್ರೋಲ್ ಸಾಲದೆ ವಿಪರೀತ ಕಾಯುತ್ತಿದೆ ಎಂದರ್ಥ. ವೈದ್ಯರು ನಾಲಗೆ ನೋಡಿ ರೋಗ ಹೇಳುವಂತೆ! ನಾನು ಪಾಠ ಹೇಳುವ ದಹನಕ್ರಿಯೆ ಆ ಬೆರಳುದ್ದದ ವಸ್ತುವಿನ ತುದಿಯಲ್ಲಿ ಬರೆದಿಟ್ಟಂತಿತ್ತು. ಓದಲು ನನಗೆ ಬಂದಿರಲಿಲ್ಲ. ಅವರಿಗೆ ಬಂದಿತ್ತು. ಹೊರಡುವಾಗ ಅವರು ಹೆಚ್ಚುವರಿ ಕ್ಲಚ್ ಕೇಬಲ್ಲೊಂದನ್ನು ಹಳೆಯದರ ಪಕ್ಕದಲ್ಲೇ ಕಟ್ಟಿಕೊಟ್ಟರು.

ಗಂಟೆಗೆ ಐವತ್ತು ಕಿಲೋಮೀಟರಿನ ವೇಗದಲ್ಲಿ ಹೋಗುವುದಕ್ಕೆ ತನ್ನದೇ ಸುಖವಿದೆ. ಪಿರಿಯಾಪಟ್ಟಣದ ಹೊಲಗಳಲ್ಲಿ ಹೊಗೆಸೊಪ್ಪಿನ ಎಲೆ ಕಂಡಿತು. ಬೈಲುಕುಪ್ಪೆಯಲ್ಲಿ ಟಿಬೆಟಿನ ಬಣ್ಣದ ಬಾವುಟಗಳು ಕಂಡವು. ಕುಶಾಲನಗರದಲ್ಲಿ ಕಾವೇರಿಯನ್ನು ದಾಟುವಾಗ ಗಾಳಿಯೇ ತಣ್ಣಗಾದದ್ದು ಮುಖಕ್ಕೆ ಗೊತ್ತಾಯಿತು. ನಿಂತಲ್ಲೆಲ್ಲ ಯಾರಾದರೂ ಬಂದು ಗಾಡಿಯ ಮೇಲೆ ಕೈಯಿಟ್ಟು “ನಮ್ಮಪ್ಪಂದೂ ಒಂದಿತ್ತು” ಎನ್ನುತ್ತಿದ್ದರು. ಹೊಸ ಗಾಡಿಯಲ್ಲಿ ಆ ದಾರಿಯಲ್ಲಿ ಹತ್ತಾರು ಸಲ ಹೋಗಿದ್ದೇನೆ; ಒಬ್ಬರೂ ಮಾತನಾಡಿಸಿರಲಿಲ್ಲ.

ಮಡಿಕೇರಿ ದಾಟಿದ ಮೇಲೆ ಸಂಪಾಜೆಯ ಇಳಿಜಾರು. ಇಲ್ಲಿ ನಾನು ಎರಡನೆಯ ತಪ್ಪು ಮಾಡಿದೆ. ತಿರುವು ತಿರುವಿಗೂ ಹೆದರಿ ಹಿಂದಿನ ಬ್ರೇಕನ್ನು ಒತ್ತಿಕೊಂಡೇ ಇಳಿದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಕಾಲಿನಡಿಯ ಪೆಡಲ್ ಒತ್ತಿದರೂ ಗಾಡಿಯ ವೇಗ ತಗ್ಗಲಿಲ್ಲ. ಎದುರಿಗೆ ಲಾರಿ, ಎಡಕ್ಕೆ ಕಂದಕ, ಬೆನ್ನಿಗೆ ಮಗ. ಮುಂದಿನ ಬ್ರೇಕನ್ನು ಮೆಲ್ಲಗೆ ಹಿಡಿದು, ಗೇರು ಇಳಿಸಿ, ರಸ್ತೆ ಅಗಲವಿದ್ದ ಕಡೆ ಹೇಗೋ ನಿಲ್ಲಿಸಿದೆ. ಕೈ ನಡುಗುತ್ತಿತ್ತು. ಮಗ ಏನೂ ಮಾತಾಡದೆ ನೀರಿನ ಬಾಟಲಿ ಕೊಟ್ಟ.

ಅಲ್ಲಿ ಕುಳಿತು ನಾವಿಬ್ಬರೂ ಒಂದು ಲೆಕ್ಕ ಮಾಡಿದೆವು. ನೀವೂ ಮಾಡಿ ನೋಡಿ. ಗಾಡಿ ಮತ್ತು ಇಬ್ಬರು ಸವಾರರು ಸೇರಿ ಸುಮಾರು 270 ಕಿಲೋಗ್ರಾಂ ಎನ್ನೋಣ. ಮಡಿಕೇರಿಯಿಂದ ಸುಳ್ಯಕ್ಕೆ ಇಳಿಯುವ ಎತ್ತರ ಸುಮಾರು 1000 ಮೀಟರ್. ಗುರುತ್ವ ವೇಗೋತ್ಕರ್ಷವನ್ನು 10 ಎಂದು ಹಿಡಿದರೆ ನಾವು ಕಳೆದುಕೊಳ್ಳುವ ಪ್ರಚ್ಛನ್ನ ಶಕ್ತಿ 27 ಲಕ್ಷ ಜೂಲ್. ಎಂಟು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸಲು ಅಷ್ಟು ಸಾಕು! ಅದರಲ್ಲಿ ಒಂದು ಪಾಲು ಗಾಳಿಯ ತಡೆಗೂ ಎಂಜಿನ್ನಿಗೂ ಹೋಗುತ್ತದೆ. ಉಳಿದದ್ದೆಲ್ಲ ಅಂಗೈಯಗಲದ ಬ್ರೇಕ್ ಡ್ರಮ್ಮಿನೊಳಗೆ ಶಾಖವಾಗಬೇಕು. ಬಿಸಿಯಾದ ಡ್ರಮ್ ಹಿಗ್ಗುತ್ತದೆ, ಬ್ರೇಕ್ ಷೂವಿನ ಹಿಡಿತ ಸಡಿಲವಾಗುತ್ತದೆ. ದೋಷ ಗಾಡಿಯದಲ್ಲ, ಅದನ್ನು ತಣ್ಣಗಾಗಲು ಬಿಡದ ನನ್ನದು.

ಗೇರು ಇಳಿಸಿ ಎಂಜಿನ್ನಿನ ಹಿಡಿತದಲ್ಲೇ ಇಳಿಯಬಹುದಲ್ಲ ಎಂದು ನೀವು ಕೇಳಬಹುದು. ಇಳಿಯಬಹುದು, ಆದರೆ ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಅದಕ್ಕೂ ಒಂದು ಕಟ್ಟಳೆಯಿದೆ. ಎಣ್ಣೆ ಬರುವುದು ಪೆಟ್ರೋಲಿನ ಜೊತೆಯಲ್ಲೇ ತಾನೆ? ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿ ದೂರ ಇಳಿದರೆ ಪಿಸ್ಟನ್ ವೇಗವಾಗಿ ಓಡುತ್ತಲೇ ಇರುತ್ತದೆ, ಎಣ್ಣೆ ಮಾತ್ರ ಸಿಗುವುದಿಲ್ಲ. ಆಗ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳಬಹುದು. ‘ಎಂಜಿನ್ ಸೀಜ್ ಆಯಿತು’ ಎನ್ನುತ್ತಾರಲ್ಲ, ಅದೇ. ಆದ್ದರಿಂದ ಆಗಾಗ ಆಕ್ಸಿಲರೇಟರನ್ನು ಒಂದಿಷ್ಟು ತಿರುಗಿಸಿ ಎಣ್ಣೆ ಉಣಿಸಬೇಕು. ತಂದೆಯವರು ಘಟ್ಟ ಇಳಿಯುವಾಗ ನಡುನಡುವೆ ‘ಬುರ್’ ಎನಿಸುತ್ತಿದ್ದರು. ಚಿಕ್ಕವನಿದ್ದಾಗ ಅದನ್ನು ನಾನು ಅವರ ಷೋಕಿ ಎಂದುಕೊಂಡಿದ್ದೆ. ಅದು ಷೋಕಿಯಾಗಿರಲಿಲ್ಲ, ಜ್ಞಾನವಾಗಿತ್ತು ಎಂದು ಅರಿಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಅರ್ಧ ಗಂಟೆ ಬಿಟ್ಟು ಮತ್ತೆ ಇಳಿದೆವು, ಈ ಸಲ ನಿಧಾನವಾಗಿ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾದ ಜೋಡುಪಾಲದಲ್ಲಿ ಗಾಡಿ ನಿಲ್ಲಿಸಿ ಒಂದು ನಿಮಿಷ ಮೌನವಾಗಿ ನಿಂತೆವು. ಸಂಜೆಗೆ ಸುಳ್ಯ ಸೇರಿದೆವು.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಕಹಿ ಸತ್ಯವನ್ನೂ ಹೇಳಬೇಕು. ಕುಶಾಲನಗರದ ಬಳಿ ಏರಿನಲ್ಲಿ ಹೋಗುವಾಗ ಶಾಲೆಯ ಮಕ್ಕಳು ಸಾಲಾಗಿ ನಡೆದು ಬರುತ್ತಿದ್ದರು. ನಮ್ಮ ಹೊಗೆಗೆ ಒಬ್ಬ ಪುಟ್ಟ ಹುಡುಗಿ ಮೂಗು ಮುಚ್ಚಿಕೊಂಡಳು. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಹೊಸ ಮಿಶ್ರಣ ಒಳಬರುವಾಗಲೇ ಹಳೆಯ ಹೊಗೆ ಹೊರಹೋಗುತ್ತದೆ. ಅದರ ಜೊತೆ ಸುಡದ ಪೆಟ್ರೋಲೂ ಸೋರಿಹೋಗುತ್ತದೆ, ಎಣ್ಣೆಯೂ ಉರಿದು ಹೊಗೆಯಾಗುತ್ತದೆ. ನಮ್ಮ ದೇಶದಲ್ಲಿ 1996 ಮತ್ತು 2000ರಲ್ಲಿ ಹೊಗೆಯ ನಿಯಮಗಳು ಬಿಗಿಯಾದ ಮೇಲೆ ಇಂಥ ಮೋಟಾರ್ ಸೈಕಲ್ಲುಗಳು ಹಿಂದೆ ಸರಿದದ್ದು ಸರಿಯೇ. ನನ್ನ ನೆನಪಿನ ಸಂತೋಷಕ್ಕೆ ಆ ಮಗು ಬೆಲೆ ತೆರಬೇಕಾಗಿಲ್ಲ.

ಹಾಗಾದರೆ ಗಾಡಿಯನ್ನು ಗುಜರಿಗೆ ಕೊಟ್ಟೆನೆ? ಕೊಡಲಿಲ್ಲ. ಆದರೆ ದಿನನಿತ್ಯದ ಓಡಾಟಕ್ಕೆ ಅದನ್ನು ತೆಗೆಯುವುದಿಲ್ಲ, ಅದಕ್ಕೆ ಬಸ್ಸಿದೆ. ವರ್ಷಕ್ಕೆ ಎರಡು ಮೂರು ಸಲ, ಎಣ್ಣೆಯನ್ನು ಅಳೆದು ಹಾಕಿ, ಸೈಲೆನ್ಸರಿನ ಮಸಿ ತೆಗೆಸಿ, ಹೊಗೆ ತಪಾಸಣೆ ಮಾಡಿಸಿ ಹೊರಡುತ್ತೇವೆ. ಈಗ ಪ್ಲಗ್ಗಿನ ಬಣ್ಣ ನೋಡಿ ಹೇಳುವವನು ಮಗ. ಕೈಕಟ್ಟಿ ಕೇಳುವವನು ನಾನು.

ಮಿತ್ರರೆ, ನಿಮ್ಮ ಮನೆಯಲ್ಲೂ ಒಂದು ಹಳೆಯ ಹೊಲಿಗೆ ಯಂತ್ರವೋ ರೇಡಿಯೋವೋ ಸೈಕಲ್ಲೋ ಮೂಲೆಯಲ್ಲಿ ನಿಂತಿರಬಹುದು. ಅದನ್ನು ಬಳಸಿದ ಹಿರಿಯರು ಇನ್ನೂ ಇದ್ದರೆ ಒಂದು ಸಂಜೆ ಅವರ ಪಕ್ಕ ಕುಳಿತು ಕೇಳಿ: ಇದು ಹೇಗೆ ನಡೆಯುತ್ತಿತ್ತು, ಯಾವಾಗ ಹಟ ಮಾಡುತ್ತಿತ್ತು ಎಂದು. ನಾನು ಕೇಳುವ ಹೊತ್ತಿಗೆ ಉತ್ತರ ಹೇಳಬೇಕಾದವರು ಇರಲಿಲ್ಲ. ಘಟ್ಟದ ರಸ್ತೆ ಹೇಳಿಕೊಟ್ಟಿತು, ಆದರೆ ಸ್ವಲ್ಪ ಗದರಿಸಿ. ನೀವು ಅಷ್ಟು ತಡಮಾಡಬೇಡಿ.